ಬಸವನಗುಡಿಯ ಮನೆಗಳೂ ಮನೆಯವರೂ

ಬೆಂಗಳೂರಿನ ಬಸವನಗುಡಿಯಲ್ಲಿ ಯಾವುದೊಂದು ಅಡ್ಡರಸ್ತೆಯನ್ನು ಹೊಕ್ಕು ನೋಡಿದರೂ ಇಂದು ಮೂರು ಬಗೆಯ ಮನೆಗಳು ಕಣ್ಣಿಗೆ ಬೀಳುತ್ತವೆ. ಮೊದಲನೆಯದು ಮಂಗಳೂರು ಹೆಂಚಿನ ಇಲ್ಲವೆ ಮದರಾಸು ತಾರಸಿಯ ಹಳೆಯ ಮನೆ. ಮುಂದೆ ಜಗಲಿ, ಪಕ್ಕದಲ್ಲಿ ತೆಂಗಿನ ಮರ, ಒಳಗೆ ಕೆಂಪು ಗಾರೆಯ ನೆಲ, ಆ ನೆಲದ ಮೇಲೆ ಮೆಲ್ಲಗೆ ನಡೆದಾಡುವ ವೃದ್ಧ ದಂಪತಿಗಳು. ಎರಡನೆಯದು ಬೀಗ ಹಾಕಿದ ಮನೆ. ಅದರ ಗೇಟಿನ ಸರಪಳಿಗೆ ತುಕ್ಕು ಹಿಡಿದಿದೆ, ತುಳಸಿಕಟ್ಟೆ ಒಣಗಿದೆ. ಮೂರನೆಯದು ತಗಡಿನ ಬೇಲಿಯ ಹಿಂದೆ ಏಳುತ್ತಿರುವ ನಾಲ್ಕು ಅಂತಸ್ತಿನ ಕಟ್ಟಡ. ಮೊದಲನೆಯದು ಎರಡನೆಯದಾಗಿ, ಎರಡನೆಯದು ಮೂರನೆಯದಾಗಿ ಮಾರ್ಪಡುವ ಕಾರ್ಯವು ಹಲವು ವರ್ಷಗಳಿಂದ ನಡೆಯುತ್ತ ಬಂದಿದೆ. ಇದನ್ನು ಕುರಿತು ನಮ್ಮ ಪೌರರಲ್ಲಿ ನಿಟ್ಟುಸಿರು ಬಿಡುವವರು ಬಹಳ. ಲೆಕ್ಕ ಹಾಕಿ ಆಲೋಚಿಸುವವರು ಕಡಮೆ. ಹಳೆಯದು ಹೋಯಿತೆಂದು ಮರುಗುವುದರಿಂದಾಗಲಿ, ಬೆಲೆ ಏರಿತೆಂದು ಹಿಗ್ಗುವುದರಿಂದಾಗಲಿ ಊರಿನ ಹಿತ ಸಾಧಿಸುವುದಿಲ್ಲ. ಈ ಮಾರ್ಪಾಟಿನ ಕಾರಣಗಳೇನು, ಇದರಿಂದ ಯಾರಿಗೆ ಲಾಭ, ಯಾರಿಗೆ ನಷ್ಟ, ಸರಕಾರದವರೂ ಮಹಾಜನರೂ ಮಾಡತಕ್ಕದ್ದೇನು ಎಂಬುದನ್ನು ನಾವು ಇಂದು ವಾಚಕರ ಮುಂದಿಡಬಯಸುತ್ತೇವೆ.

ಬಸವನಗುಡಿಯು ತಾನಾಗಿ ಬೆಳೆದ ಊರಲ್ಲ. ಸುಂಕೇನಹಳ್ಳಿಯೆಂಬ ಹಳ್ಳಿಯ ಬಯಲಿನಲ್ಲಿ, ದೊಡ್ಡ ಬಸವಣ್ಣನ ಗುಡಿಯ ನೆರೆಯಲ್ಲಿ, ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಮೈಸೂರು ಸರಕಾರವು ಯೋಚಿಸಿ ಹಾಕಿದ ಬಡಾವಣೆ ಇದು. 1898ರ ಆಗಸ್ಟ್ ತಿಂಗಳಲ್ಲಿ ಪ್ಲೇಗು ಬೆಂಗಳೂರಿಗೆ ಕಾಲಿಟ್ಟಾಗ, ಇಕ್ಕಟ್ಟಾದ ಪೇಟೆಯಲ್ಲಿ ಬಾಳುವುದು ಎಂತಹ ಅಪಾಯವೆಂಬುದು ಜನಕ್ಕೆ ಮನವರಿಕೆಯಾಯಿತು. ಬಸವನಗುಡಿಯೂ ಮಲ್ಲೇಶ್ವರವೂ ತುಂಬಿದ್ದು ಆ ಭಯದ ಬೆನ್ನಿನಲ್ಲಿ. ಅಗಲವಾದ ಬೀದಿಗಳು, ಮನೆಯಿಂದ ಮನೆಗೆ ಬೆಳಕೂ ಗಾಳಿಯೂ ಹರಿಯುವಷ್ಟು ಅಂತರ, ಹಿತ್ತಲಿನ ಕಡೆಗೆ ಜಾಡಮಾಲಿಗಳು ಓಡಾಡುವ ಓಣಿ, ನಡುವೆ ಉದ್ಯಾನಕ್ಕೆ ಬಿಟ್ಟ ಜಾಗ, ಇವೆಲ್ಲವೂ ಆರೋಗ್ಯದ ದೃಷ್ಟಿಯಿಂದ ಹುಟ್ಟಿದ ಏರ್ಪಾಡುಗಳು. ಅದೇ ವೇಳೆಗೆ ಬೀದಿಗಳನ್ನು ಜಾತಿಗಳ ಮೇರೆಗೆ ಹಂಚಿದ ದೋಷವೂ ಆ ಯೋಜನೆಯಲ್ಲಿ ಇತ್ತೆಂಬುದನ್ನು ಮರೆಮಾಚಬೇಕಾದುದಿಲ್ಲ. ಅದರ ಮಾತು ಮುಂದೆ ಬರುತ್ತದೆ.

ಅಂದು ಇಲ್ಲಿಗೆ ಬಂದವರು ಯಾರು? ಮೈಸೂರು, ಹಾಸನ, ಕೋಲಾರ, ತುಮಕೂರು ಸೀಮೆಗಳಿಂದ ಸರಕಾರಿ ಚಾಕರಿಗಾಗಿ ಬಂದ ಗುಮಾಸ್ತರು, ಉಪಾಧ್ಯಾಯರು, ವಕೀಲರು, ವೈದ್ಯರು. ಅವರ ಹಿಂದೆಯೇ ಪುರೋಹಿತರು, ಅಡಿಗೆಯವರು, ಹೂವಾಡಗಿತ್ತಿಯರು, ಹಾಲು ಮಾರುವವರು. ತಮಿಳು, ತೆಲುಗು ಮನೆಮಾತಿನವರು ಅವರೊಡನೆ ಇದ್ದರು. ನಿವೇಶನ ಕೊಂಡು ಮನೆ ಕಟ್ಟಿಸಿದವರು ಕೆಲವರು. ಬಾಡಿಗೆಗೆ ಇದ್ದವರು ಹಲವರು. ದೊಡ್ಡ ಮನೆಯ ಹಿತ್ತಲಿನಲ್ಲಿ ಒಂದು ಕೋಣೆ, ಒಂದು ಅಡಿಗೆಮನೆಯ ಬಿಡಾರ. ಗವಿಪುರದ ಕಡೆಗೆ ಹೋದರೆ ನಡುವೆ ಅಂಗಳ, ಒಂದು ಬಾವಿ ಇಲ್ಲವೆ ಒಂದು ನಲ್ಲಿ, ಸುತ್ತ ಎಂಟು ಹತ್ತು ಸಂಸಾರಗಳ ವಠಾರ. ವಠಾರದ ಬಾಳು ಸುಖದ ಬಾಳೆಂದು ನಾವು ಹೇಳುವುದಿಲ್ಲ. ನೀರಿಗೆ ಸರದಿ, ಕಕ್ಕಸಿಗೆ ಸರದಿ, ಗುಟ್ಟೆಂಬುದು ಯಾರಿಗೂ ಇಲ್ಲ. ಆದರೆ ಅಲ್ಪ ಸಂಬಳದವನು ತನ್ನ ಕೆಲಸದ ಜಾಗಕ್ಕೆ ನಡೆದುಹೋಗುವಷ್ಟು ಹತ್ತಿರದಲ್ಲಿ, ಮಕ್ಕಳನ್ನು ಒಳ್ಳೆಯ ಶಾಲೆಗೆ ಕಳುಹಿಸಿಕೊಂಡು ಬಾಳಲು ಆ ವಠಾರವೇ ಎಡೆ ಮಾಡಿಕೊಟ್ಟಿತ್ತು. ಬಸವನಗುಡಿಯ ಪಾಠಶಾಲೆಗಳಲ್ಲಿ ಓದಿ ಮುಂದೆ ಬಂದ ಅನೇಕರ ಬಾಲ್ಯವು ಇಂತಹ ಬಿಡಾರಗಳಲ್ಲಿ ಕಳೆಯಿತು.

ಈಗ ನಡೆಯುತ್ತಿರುವ ಮಾರ್ಪಾಟಿಗೆ ಮೊದಲ ಕಾರಣ ಮನೆತನದ ಒಳಗೇ ಇದೆ. ಅಜ್ಜನು ಕಟ್ಟಿಸಿದ ಮನೆ ಒಂದು. ಅದಕ್ಕೆ ಹಕ್ಕುದಾರರು ಇಂದು ಆರೋ ಎಂಟೋ ಮಂದಿ. ಗಂಡುಮಕ್ಕಳಿಗೆ ಮಾತ್ರವೇ ಪಾಲೆಂಬ ಕಾಲ ಹೋಯಿತು. ನಮ್ಮ ರಾಜ್ಯದಲ್ಲಿ 1994ರಲ್ಲಿ ಜಾರಿಗೆ ಬಂದ ತಿದ್ದುಪಡಿಯಿಂದಲೂ, ಇಡೀ ದೇಶಕ್ಕೆ ಅನ್ವಯಿಸಿದ 2005ರ ತಿದ್ದುಪಡಿಯಿಂದಲೂ, ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳ ಸಮಾನವಾದ ಹಕ್ಕು ಬಂದಿದೆ. ಇದು ನ್ಯಾಯವಾದ ಕಾಯಿದೆ. ಇದಕ್ಕೆ ವಿರುದ್ಧವಾಗಿ ಗೊಣಗುವವರ ಪಕ್ಷ ನಮ್ಮದಲ್ಲ. ಆದರೆ ನಲವತ್ತು ಅಡಿ ಅಗಲ, ಅರವತ್ತು ಅಡಿ ಉದ್ದದ ನಿವೇಶನದಲ್ಲಿನ ಒಂದು ಮನೆಯನ್ನು ಆರು ಪಾಲು ಮಾಡುವುದು ಗೋಡೆ ಹಾಕಿ ಆಗುವ ಕೆಲಸವಲ್ಲ. ಪಾಲುದಾರರಲ್ಲಿ ಒಬ್ಬರು ಅಮೆರಿಕದಲ್ಲಿ, ಒಬ್ಬರು ಪುಣೆಯಲ್ಲಿ, ಇನ್ನೊಬ್ಬರು ವೈಟ್‌ಫೀಲ್ಡಿನಲ್ಲಿ. ಯಾರೊಬ್ಬರಿಗೂ ಉಳಿದವರ ಪಾಲನ್ನು ಕೊಂಡುಕೊಳ್ಳುವ ಶಕ್ತಿಯಿಲ್ಲ. ಆಗ ಉಳಿಯುವ ದಾರಿಗಳು ಎರಡೇ: ಮಾರಿ ಹಣವನ್ನು ಹಂಚಿಕೊಳ್ಳುವುದು, ಇಲ್ಲವೆ ಕಟ್ಟಡಗಾರನೊಬ್ಬನೊಡನೆ ಜಂಟಿ ಅಭಿವೃದ್ಧಿಯ ಒಪ್ಪಂದ ಮಾಡಿಕೊಂಡು ಫ್ಲ್ಯಾಟುಗಳನ್ನು ಹಂಚಿಕೊಳ್ಳುವುದು.

ಎರಡನೆಯ ಕಾರಣವು ಲೆಕ್ಕದ್ದು. ಹಳೆಯ ಮನೆಯ ಬೆಲೆಯಲ್ಲಿ ಗೋಡೆ ಹೆಂಚುಗಳ ಬೆಲೆ ಅತ್ಯಲ್ಪ. ಬಹುಪಾಲು ನೆಲದ ಬೆಲೆಯೇ. ಆ ನೆಲದ ಬೆಲೆಗೆ ಹೋಲಿಸಿದರೆ ಹಳೆಯ ಮನೆಗೆ ಬರುವ ಬಾಡಿಗೆಯು ಏನೇನೂ ಅಲ್ಲ. ನಮ್ಮ ಪಟ್ಟಣಗಳಲ್ಲಿ ವರ್ಷದ ಬಾಡಿಗೆಯು ಮನೆಯ ಬೆಲೆಯಲ್ಲಿ ನೂರಕ್ಕೆ ಮೂರು ನಾಲ್ಕನ್ನು ದಾಟುವುದೇ ಅಪರೂಪ. ಅದೇ ನೆಲದಲ್ಲಿ ನಾಲ್ಕು ಫ್ಲ್ಯಾಟುಗಳು ಎದ್ದರೆ, ಕೈಯಿಂದ ಒಂದು ಕಾಸನ್ನೂ ಹಾಕದೆ ಒಡೆಯರಿಗೆ ಎರಡು ಫ್ಲ್ಯಾಟುಗಳು ದೊರೆಯುತ್ತವೆ. ಒಂದರಲ್ಲಿ ಇರಬಹುದು, ಇನ್ನೊಂದನ್ನು ಮಾರಿ ಸಾಲ ತೀರಿಸಬಹುದು, ಮಗಳ ಪಾಲು ಕೊಡಬಹುದು. 2017ರ ಜೂನ್ ತಿಂಗಳಲ್ಲಿ ಮೆಟ್ರೋ ಹಸುರು ಮಾರ್ಗವು ನ್ಯಾಷನಲ್ ಕಾಲೇಜಿನ ನಿಲ್ದಾಣಕ್ಕೆ ಬಂದಿತು. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗವು ಹತ್ತಿರದ ಆರ್. ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ ತೆರೆಯಿತು. ದೂರದ ಕಾರಖಾನೆಗಳೂ ಕಚೇರಿಗಳೂ ಇದರಿಂದ ಸಮೀಪವಾದವು. ಸಾರ್ವಜನಿಕರ ಹಣದಿಂದ ಹಾಕಿದ ರೈಲಿನ ಫಲವು ಖಾಸಗಿ ನಿವೇಶನದ ಬೆಲೆಯಲ್ಲಿ ಸೇರಿಕೊಳ್ಳುವುದು ಎಲ್ಲ ದೇಶಗಳಲ್ಲಿಯೂ ಕಂಡ ಸಂಗತಿ.

ಇಷ್ಟರಮಟ್ಟಿಗೆ ನಾವು ಯಾರನ್ನೂ ದೂಷಿಸುವುದಿಲ್ಲ. ಮನೆಯು ಮನೆಯವರದು, ಎಂಬತ್ತು ವರ್ಷದ ಗೋಡೆ ಸೋರುವಾಗ ಅದರ ಅಂದವನ್ನು ನೋಡಿ ದಾರಿಹೋಕರು ಸಂತೋಷಪಡಲಿ ಎಂದು ಅದನ್ನು ಹಾಗೆಯೇ ಕಾಯಬೇಕೆಂದು ವೃದ್ಧರಿಗೆ ಹೇಳುವ ಹಕ್ಕು ನಮಗಿಲ್ಲ. ಊರೂ ಬೆಳೆಯಲೇಬೇಕು. 2001ರಿಂದ 2011ರವರೆಗಿನ ಹತ್ತು ವರ್ಷಗಳಲ್ಲಿ ಬೆಂಗಳೂರು ಜಿಲ್ಲೆಯ ಜನಸಂಖ್ಯೆಯು ನೂರಕ್ಕೆ 47ರಷ್ಟು ಹೆಚ್ಚಿತು. ಬಂದವರಿಗೆಲ್ಲ ಹೊರವಲಯದಲ್ಲಿಯೇ ಎಡೆ ಮಾಡುವುದಾದರೆ ಕೆರೆಗಳೂ ಹೊಲಗಳೂ ಕಟ್ಟಡಕ್ಕೆ ಬಲಿಯಾಗುವುವು. ರಸ್ತೆ, ನೀರು, ಶಾಲೆ, ಆಸ್ಪತ್ರೆಗಳು ಮೊದಲೇ ಇರುವ ಹಳೆಯ ಬಡಾವಣೆಯಲ್ಲಿ ಹೆಚ್ಚು ಸಂಸಾರಗಳು ನೆಲೆಸುವುದು ತತ್ತ್ವತಃ ಒಳ್ಳೆಯದೇ. ಆದರೆ ಹೆಚ್ಚು ಸಂಸಾರಗಳು ನಿಜವಾಗಿಯೂ ನೆಲೆಸುತ್ತಿವೆಯೇ, ನೆಲೆಸುವವರು ಯಾರು ಎಂಬುದೇ ನಮ್ಮ ಪ್ರಶ್ನೆ.

ಒಂದು ನಿವೇಶನವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಮುಂಭಾಗದಲ್ಲಿ ಒಡೆಯರು, ಹಿತ್ತಲಿನ ಎರಡು ಬಿಡಾರಗಳಲ್ಲಿ ಒಬ್ಬ ಅರ್ಚಕರು, ಒಬ್ಬ ಅಂಗಡಿ ಗುಮಾಸ್ತರು, ಮಹಡಿಯ ಕೋಣೆಯಲ್ಲಿ ಹಾಸನದಿಂದ ಓದಲು ಬಂದ ವಿದ್ಯಾರ್ಥಿಗಳು. ನಾಲ್ಕು ಒಲೆಗಳು ಹೊತ್ತುತ್ತಿದ್ದ ಜಾಗ ಅದು. ಅದನ್ನು ಕೆಡವಿ ನಾಲ್ಕು ಫ್ಲ್ಯಾಟುಗಳನ್ನು ಕಟ್ಟಿದರೂ ಒಲೆಗಳ ಲೆಕ್ಕ ನಾಲ್ಕೇ. ಕಟ್ಟಡದ ಎತ್ತರ ಹೆಚ್ಚಿತು, ಕೆಳಗೆ ಆರು ಕಾರುಗಳಿಗೆ ಎಡೆಯಾಯಿತು, ಆದರೆ ಅರ್ಚಕರೂ ಗುಮಾಸ್ತರೂ ಹೊರಟುಹೋದರು. ಹೊಸ ಫ್ಲ್ಯಾಟುಗಳಲ್ಲಿ ಒಂದೆರಡನ್ನು ಪರದೇಶದಲ್ಲಿರುವವರು ಹಣ ಹೂಡುವುದಕ್ಕಾಗಿ ಕೊಂಡು ಬೀಗ ಹಾಕಿದರಂತೂ ಒಲೆಗಳು ಮೊದಲಿಗಿಂತ ಕಡಮೆಯೇ ಆದವು. ಕಟ್ಟಡ ಬೆಳೆದರೆ ವಸತಿ ಬೆಳೆಯಿತೆಂದು ತಿಳಿಯುವ ಅಧಿಕಾರಿಗಳು ಈ ಲೆಕ್ಕವನ್ನು ಗಮನಿಸಬೇಕು.

ಕೊಳ್ಳುವವರ ಕಷ್ಟವೂ ಸಾಮಾನ್ಯವಲ್ಲ. ಬೆಲೆಯ ಮಾತು ಹಾಗಿರಲಿ, ಸರಕಾರಕ್ಕೆ ಸಲ್ಲಬೇಕಾದುದೇ ಒಂದು ಹೊರೆ. ನಮ್ಮ ರಾಜ್ಯದಲ್ಲಿ 45 ಲಕ್ಷ ರೂಪಾಯಿಗಳನ್ನು ಮೀರಿದ ಫ್ಲ್ಯಾಟಿಗೆ ಮುದ್ರಾಂಕ ಶುಲ್ಕವು ನೂರಕ್ಕೆ 5. ನೋಂದಣಿಯ ಶುಲ್ಕವು ನೂರಕ್ಕೆ 1 ಇದ್ದುದನ್ನು 2025ರ ಆಗಸ್ಟ್ 31ರಿಂದ ನೂರಕ್ಕೆ 2 ಮಾಡಲಾಯಿತು. ಒಂದು ಕೋಟಿ ರೂಪಾಯಿಯ ಫ್ಲ್ಯಾಟನ್ನು ಕೊಳ್ಳುವವನು ಮೇಲಿನ ತೆರಿಗೆಗಳನ್ನು ಬಿಟ್ಟು 7 ಲಕ್ಷ ರೂಪಾಯಿಗಳನ್ನು ಕಚೇರಿಯ ಮೆಟ್ಟಿಲಿನ ಬಳಿಯೇ ತೆರಬೇಕು. ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಿ ಹೊಂದಿದ ಉಪಾಧ್ಯಾಯರು ತಾವು ಬಾಳಿದ ಬೀದಿಯಲ್ಲಿಯೇ ಒಂದು ಸಣ್ಣ ಫ್ಲ್ಯಾಟನ್ನು ಕೊಳ್ಳುವ ಯೋಚನೆಯನ್ನು ಬಿಟ್ಟು ಕನಕಪುರದ ರಸ್ತೆಯಲ್ಲಿಯೋ ಮೈಸೂರಿನಲ್ಲಿಯೋ ಜಾಗ ಹುಡುಕುತ್ತಾರೆ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ಹೇಳಿದ ಹಿರಿಯರು ಕೊಂಡು ನೋಡು ಎಂಬುದನ್ನು ಸೇರಿಸದೆ ಹೋದುದು ಅವರ ಕಾಲದ ಪುಣ್ಯ.

ಬಾಡಿಗೆದಾರರ ಅವಸ್ಥೆಯನ್ನು ನೋಡೋಣ. ಬೆಂಗಳೂರಿನಲ್ಲಿ ಮುಂಗಡವೆಂದು ಹತ್ತು ತಿಂಗಳ ಬಾಡಿಗೆಯನ್ನು ಕೇಳುವ ರೂಢಿ ಬಹುಕಾಲದಿಂದ ಬೇರೂರಿದೆ. ತಿಂಗಳಿಗೆ 30,000 ರೂಪಾಯಿಯ ಮನೆಗೆ 3 ಲಕ್ಷ ರೂಪಾಯಿಗಳನ್ನು ಬಡ್ಡಿಯಿಲ್ಲದೆ ಒಡೆಯನ ಕೈಗೆ ಕೊಡಬೇಕು. ಮನೆ ಬಿಡುವಾಗ ಸುಣ್ಣಬಣ್ಣದ ಹೆಸರಿನಲ್ಲಿ ಒಂದು ತಿಂಗಳ ಬಾಡಿಗೆಯನ್ನು ಮುರಿದುಕೊಳ್ಳುವುದು ಮತ್ತೊಂದು ರೂಢಿ. ಕರಾರುಪತ್ರಗಳೆಲ್ಲವೂ ಹನ್ನೊಂದು ತಿಂಗಳಿನವು. ಏಕೆಂದರೆ ಒಂದು ವರ್ಷವನ್ನು ಮೀರಿದ ಗೇಣಿಯ ಪತ್ರವನ್ನು 1908ರ ನೋಂದಣಿ ಕಾಯಿದೆಯ ಮೇರೆಗೆ ನೋಂದಾಯಿಸಲೇಬೇಕು, ಅದನ್ನು ತಪ್ಪಿಸಿಕೊಳ್ಳುವುದಕ್ಕೆ ಈ ಉಪಾಯ. ಇದರ ಫಲವಾಗಿ ಮಕ್ಕಳನ್ನು ಶಾಲೆಗೆ ಸೇರಿಸಿದ ಸಂಸಾರವೊಂದು ಪ್ರತಿವರ್ಷವೂ ತನ್ನ ನೆಲೆಯ ಬಗೆಗೆ ಆತಂಕಪಡುವಂತಾಗಿದೆ.

ಬಾಡಿಗೆಯ ಕಾಯಿದೆ ಇಲ್ಲವೆ ಎಂದು ವಾಚಕರು ಕೇಳಬಹುದು. ಇದೆ, ಆದರೆ ಬಹುಮಟ್ಟಿಗೆ ಇದ್ದೂ ಇಲ್ಲದಂತೆ. 1961ರ ಬಾಡಿಗೆ ನಿಯಂತ್ರಣ ಕಾಯಿದೆಯು ಬಾಡಿಗೆದಾರನ ಪರವಾಗಿ ಅತಿಯಾಗಿ ವಾಲಿತ್ತು. ಒಡೆಯನು ತನ್ನ ಮನೆಯನ್ನು ತಾನೇ ಬಿಡಿಸಿಕೊಳ್ಳಲು ವರ್ಷಗಟ್ಟಲೆ ನ್ಯಾಯಾಲಯಕ್ಕೆ ಅಲೆಯಬೇಕಾಗಿತ್ತು. ಆ ಭಯದಿಂದಲೇ ಎಷ್ಟೋ ಮನೆಗಳಿಗೆ ಬೀಗ ಬಿತ್ತು. ಅದರ ಸ್ಥಾನದಲ್ಲಿ ಬಂದ 1999ರ ಕಾಯಿದೆಯು 2001ರ ಡಿಸೆಂಬರ್ 31ರಿಂದ ಜಾರಿಯಾಯಿತು. ಬೆಂಗಳೂರಿನಂತಹ ಪಟ್ಟಣಗಳಲ್ಲಿ ತಿಂಗಳಿಗೆ 3,500 ರೂಪಾಯಿಗಳನ್ನು ಮೀರಿದ ಬಾಡಿಗೆಯ ಕಟ್ಟಡಗಳನ್ನು ಅದು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ಅಂದಿಗೆ ಅದು ದೊಡ್ಡ ಮೊಬಲಗು. ಇಂದು ಬಸವನಗುಡಿಯಲ್ಲಿ ಆ ಬಾಡಿಗೆಗೆ ಒಂದು ಕೋಣೆಯೂ ಸಿಕ್ಕುವುದು ದುರ್ಲಭ. ಹೀಗಾಗಿ ಬಡಾವಣೆಯ ಹೆಚ್ಚುಕಡಮೆ ಎಲ್ಲ ಬಾಡಿಗೆಗಳೂ 1882ರ ಸ್ವತ್ತು ವರ್ಗಾವಣೆ ಕಾಯಿದೆಯ ಕೆಳಗೆ ಬಿದ್ದಿವೆ. ತಿಂಗಳ ಬಾಡಿಗೆಯವನನ್ನು ಹದಿನೈದು ದಿನಗಳ ನೋಟೀಸಿನಿಂದ ತೆರವು ಮಾಡಲು ಹೇಳಬಹುದು. ಆತನು ಹೋಗದಿದ್ದರೆ ಒಡೆಯನು ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಿ ವರ್ಷಗಳನ್ನು ಎಣಿಸಬೇಕು. ಬಾಡಿಗೆದಾರನಿಗೆ ರಕ್ಷಣೆಯಿಲ್ಲ, ಒಡೆಯನಿಗೆ ಭರವಸೆಯಿಲ್ಲ. ಹತ್ತು ತಿಂಗಳ ಮುಂಗಡವು ಈ ಪರಸ್ಪರ ಅಪನಂಬಿಕೆಯ ಕೂಸು.

ಇದಕ್ಕೆ ಪರಿಹಾರವೇನೆಂಬುದು ಗೊತ್ತಿಲ್ಲದ ರಹಸ್ಯವಲ್ಲ. 2021ರ ಜೂನ್ ತಿಂಗಳಲ್ಲಿ ಕೇಂದ್ರದ ಮಂತ್ರಿಮಂಡಲವು ಒಂದು ಮಾದರಿ ಬಾಡಿಗೆ ಕಾಯಿದೆಯನ್ನು ಒಪ್ಪಿ ರಾಜ್ಯಗಳಿಗೆ ಕಳುಹಿಸಿತು. ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚಿನ ಮುಂಗಡ ಕೂಡದು. ಕರಾರು ಬರವಣಿಗೆಯಲ್ಲಿರಬೇಕು, ಬಾಡಿಗೆ ಪ್ರಾಧಿಕಾರಕ್ಕೆ ತಿಳಿಸಬೇಕು. ಅವಧಿ ಮುಗಿದ ಮೇಲೂ ಬಿಡದವನು ಮೊದಲ ಎರಡು ತಿಂಗಳು ಇಮ್ಮಡಿ, ಆಮೇಲೆ ನಾಲ್ಮಡಿ ಬಾಡಿಗೆ ಕೊಡಬೇಕು. ವ್ಯಾಜ್ಯಗಳನ್ನು ಬೇರೆಯ ಬಾಡಿಗೆ ನ್ಯಾಯಾಲಯಗಳು ಬೇಗನೆ ತೀರ್ಮಾನಿಸಬೇಕು. ಇವು ಅದರ ಮುಖ್ಯ ನಿಬಂಧನೆಗಳು. ನೆರೆಯ ತಮಿಳುನಾಡು ಇದಕ್ಕೂ ಮೊದಲೇ, 2017ರಲ್ಲಿಯೇ, ತನ್ನ ಕಾಯಿದೆಯನ್ನು ಮಾಡಿ ಮುಂಗಡವನ್ನು ಮೂರು ತಿಂಗಳಿಗೆ ಮಿತಗೊಳಿಸಿತು. ಮದರಾಸಿನವರಿಗೆ ಸಾಧ್ಯವಾದುದು ಬೆಂಗಳೂರಿನವರಿಗೆ ಏಕೆ ಅಸಾಧ್ಯ? ಒಡೆಯನಿಗೆ ತನ್ನ ಮನೆ ಕಾಲಕ್ಕೆ ಸರಿಯಾಗಿ ಮರಳಿ ಬರುವುದೆಂಬ ನಂಬುಗೆ ಹುಟ್ಟಿದರೆ ಬೀಗ ಹಾಕಿದ ಮನೆಗಳ ಬಾಗಿಲು ತಾನಾಗಿಯೇ ತೆರೆಯುವುದೆಂದು ನಾವು ದೃಢವಾಗಿ ನಂಬಿದ್ದೇವೆ.

ಕಟ್ಟಡದ ವಿಷಯದಲ್ಲಿ ಇನ್ನೊಂದು ದೊಡ್ಡ ಬಿರುಕಿದೆ. ಅದನ್ನು ಅನೇಕರು ಅರಿಯರು. ಕೊಳ್ಳುವವರ ರಕ್ಷಣೆಗಾಗಿ 2016ರಲ್ಲಿ ಪಾರ್ಲಿಮೆಂಟು ಸ್ಥಿರಾಸ್ತಿ ನಿಯಂತ್ರಣ ಕಾಯಿದೆಯನ್ನು ಮಾಡಿತು. ರೇರಾ ಎಂದು ಜನಜನಿತವಾದ ಈ ಕಾಯಿದೆಯ ಮೇರೆಗೆ, ಕೊಂಡವರಿಂದ ಬಂದ ಹಣದಲ್ಲಿ ನೂರಕ್ಕೆ 70ನ್ನು ಪ್ರತ್ಯೇಕ ಖಾತೆಯಲ್ಲಿಟ್ಟು ಅದೇ ಕಟ್ಟಡಕ್ಕೆ ವೆಚ್ಚ ಮಾಡಬೇಕು. ಕರಾರು ನೋಂದಣಿಯಾಗುವ ಮೊದಲು ನೂರಕ್ಕೆ 10ನ್ನು ಮೀರಿ ಹಣ ಪಡೆಯಕೂಡದು. ಫ್ಲ್ಯಾಟನ್ನು ವಹಿಸಿಕೊಟ್ಟ ಐದು ವರ್ಷಗಳೊಳಗೆ ರಚನೆಯ ದೋಷ ಕಂಡರೆ ಕಟ್ಟಿದವನೇ ಸರಿಪಡಿಸಬೇಕು. ಆದರೆ 500 ಚದರ ಮೀಟರಿಗೆ ಮೀರದ ನೆಲದ ಮೇಲಿನ, ಅಥವಾ ಎಂಟಕ್ಕೆ ಮೀರದ ಫ್ಲ್ಯಾಟುಗಳ ಯೋಜನೆಗೆ ನೋಂದಣಿಯು ಕಡ್ಡಾಯವಲ್ಲ. 500 ಚದರ ಮೀಟರೆಂದರೆ ಸುಮಾರು 5,382 ಚದರಡಿ. ನಲವತ್ತು ಅರವತ್ತರ ನಿವೇಶನವು 2,400 ಚದರಡಿ. ಐವತ್ತು ಎಂಬತ್ತರದು 4,000. ಎಂದರೆ ಹಳೆಯ ಬಡಾವಣೆಯಲ್ಲಿ ಒಂದೊಂದೇ ನಿವೇಶನದ ಮೇಲೆ ಏಳುವ ಬಹುತೇಕ ಕಟ್ಟಡಗಳು ಈ ನೋಂದಣಿಯಿಂದ ಹೊರಗುಳಿಯುತ್ತವೆ. ಹೊರವಲಯದ ಇನ್ನೂರು ಫ್ಲ್ಯಾಟುಗಳ ಸಮುಚ್ಚಯದಲ್ಲಿ ಮನೆ ಕೊಂಡವನಿಗೆ ದೊರೆಯುವ ಆಶ್ರಯವು ಬಸವನಗುಡಿಯಲ್ಲಿ ಅದಕ್ಕಿಂತ ಹೆಚ್ಚು ಬೆಲೆ ತೆತ್ತವನಿಗೆ ದೊರೆಯದು.

ಇದರಲ್ಲಿ ಕೊಳ್ಳುವವನಿಗಿಂತ ಮೊದಲು ಅಪಾಯಕ್ಕೆ ಗುರಿಯಾಗುವವರು ನೆಲದ ಒಡೆಯರು. ಎಪ್ಪತ್ತೈದು ವರ್ಷದ ದಂಪತಿಗಳು ಇದ್ದ ಒಂದು ಮನೆಯನ್ನು ಕೆಡವಲು ಕೊಟ್ಟು, ಸಮಗ್ರ ಅಧಿಕಾರಪತ್ರಕ್ಕೆ ರುಜು ಹಾಕಿ, ಹದಿನೆಂಟು ತಿಂಗಳ ಮಾತಿಗಾಗಿ ಬಾಡಿಗೆ ಮನೆಗೆ ಹೋಗುತ್ತಾರೆ. ಕಟ್ಟಡಗಾರನು ಪ್ರಾಮಾಣಿಕನಾದರೆ ಸರಿ. ಹಾಗಲ್ಲದಿದ್ದರೆ, ಇಲ್ಲವೆ ನಡುವೆ ಹಣ ಮುಗಿದರೆ, ಮುರಿದ ಮನೆಯೂ ಇಲ್ಲ, ಹೊಸ ಮನೆಯೂ ಇಲ್ಲ. ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ. ಆಮೇಲೆ ಸಿವಿಲ್ ದಾವೆ, ಗ್ರಾಹಕರ ಆಯೋಗ ಎಂದು ಅಲೆಯುವ ಆಯುಸ್ಸು ಅವರಿಗೆ ಎಲ್ಲಿದೆ? ಈ ದೋಷವನ್ನು ತಿದ್ದಲು ಪಾರ್ಲಿಮೆಂಟಿನವರೆಗೆ ಹೋಗಬೇಕಾದುದಿಲ್ಲ. ಅಗತ್ಯವೆಂದು ಕಂಡರೆ 500 ಚದರ ಮೀಟರ್, ಎಂಟು ಫ್ಲ್ಯಾಟು ಎಂಬ ಮಿತಿಯನ್ನು ಕೆಳಗಿಳಿಸುವ ಅಧಿಕಾರವನ್ನು ಅದೇ ಕಾಯಿದೆಯು ರಾಜ್ಯ ಸರಕಾರಕ್ಕೆ ಕೊಟ್ಟಿದೆ. ಬೆಂಗಳೂರಿನ ಹಳೆಯ ಬಡಾವಣೆಗಳ ಮಟ್ಟಿಗಾದರೂ ಈ ಅಧಿಕಾರವನ್ನು ಬಳಸಿ, ನಾಲ್ಕು ಫ್ಲ್ಯಾಟುಗಳಿಗಿಂತ ಹೆಚ್ಚಿರುವ ಪ್ರತಿಯೊಂದು ಕಟ್ಟಡವನ್ನೂ ನೋಂದಣಿಗೆ ಒಳಪಡಿಸಬೇಕೆಂದು ನಾವು ಒತ್ತಾಯಪಡಿಸುತ್ತೇವೆ.

ನೀರಿನ ಮಾತನ್ನೂ ಆಡಬೇಕು. ಒಂದು ಸಂಸಾರಕ್ಕೆಂದು ಹಾಕಿದ ಕೊಳವೆಗೆ ನಾಲ್ಕು ಸಂಸಾರ, ಒಂದು ಸಂಸಾರಕ್ಕೆಂದು ಹಾಕಿದ ಚರಂಡಿಗೆ ನಾಲ್ಕು ಸಂಸಾರದ ಹೊಲಸು. 2024ರ ಬೇಸಗೆಯಲ್ಲಿ ಬೆಂಗಳೂರು ಪಟ್ಟ ಪಾಡನ್ನು ಯಾರೂ ಮರೆತಿಲ್ಲ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಕಾವೇರಿಯ ಐದನೆಯ ಹಂತವು ಆರಂಭವಾದುದು ಸಮಾಧಾನದ ಸಂಗತಿಯಾದರೂ, ಅದರ ಉದ್ದೇಶವು ಮುಖ್ಯವಾಗಿ ಹೊರವಲಯದ 110 ಹಳ್ಳಿಗಳ ದಾಹವನ್ನು ತೀರಿಸುವುದು. ಮಳೆಯ ನೀರನ್ನು ಹಿಡಿದಿಡಬೇಕೆಂಬ ನಿಯಮವು 2009ರಿಂದ ಇದೆ. ಹೊಸ ಕಟ್ಟಡವಾದರೆ 1,200 ಚದರಡಿಯ ನಿವೇಶನಕ್ಕೂ ಅದು ಅನ್ವಯಿಸುತ್ತದೆ. ಆದರೆ ಗೋಡೆಯಿಂದ ಗೋಡೆಗೆ ಸಿಮೆಂಟು ಬಳಿದು, ಹಳೆಯ ಬಾವಿಯನ್ನು ಮಣ್ಣಿನಿಂದ ಮುಚ್ಚಿ, ಒಂದು ಕೊಳವೆಯನ್ನು ತೋರಿಕೆಗೆ ನಿಲ್ಲಿಸಿದರೆ ನಿಯಮ ಪಾಲಿಸಿದಂತಾಗದು. ಬಾವಿ ಇರುವ ನಿವೇಶನದಲ್ಲಿ ಬಾವಿಯನ್ನು ಉಳಿಸಿಕೊಳ್ಳದ ಹೊರತು ನಕ್ಷೆಗೆ ಮಂಜೂರಾತಿ ಕೊಡಬಾರದು.

ಇನ್ನು ಒಂದು ಅಪ್ರಿಯವಾದ ಮಾತು. ಮನೆ ಬಾಡಿಗೆಗೆ ಇದೆಯೆಂಬ ಫಲಕವನ್ನು ನೋಡಿ ಕದ ತಟ್ಟಿದವನನ್ನು ಮೊದಲು ಕೇಳುವ ಪ್ರಶ್ನೆಯು ಬಾಡಿಗೆಯನ್ನು ಕುರಿತದ್ದಲ್ಲ. ಆತನ ಹೆಸರನ್ನು ಕುರಿತದ್ದು, ಊಟವನ್ನು ಕುರಿತದ್ದು. ಸಸ್ಯಾಹಾರಿಗಳಿಗೆ ಮಾತ್ರ ಎಂಬ ಸಭ್ಯವಾದ ಮಾತಿನ ಮರೆಯಲ್ಲಿ ಜಾತಿಯನ್ನೂ ಮತವನ್ನೂ ಜರಡಿ ಹಿಡಿಯುವ ಕೆಲಸ ನಡೆಯುತ್ತದೆ. ಒಂಟಿ ಹೆಂಗಸಿಗೆ ಮನೆಯಿಲ್ಲ, ವಿಧವೆಗೆ ಇಲ್ಲ, ದಲಿತನಿಗೂ ಮುಸಲ್ಮಾನನಿಗೂ ಬಹುಮಟ್ಟಿಗೆ ಇಲ್ಲ. ಪ್ಲೇಗಿನ ಕಾಲದಲ್ಲಿ ಬೀದಿಗಳನ್ನು ಜಾತಿಯ ಮೇರೆಗೆ ಹಂಚಿದವರ ಬುದ್ಧಿಯು ನೂರ ಇಪ್ಪತ್ತೈದು ವರ್ಷಗಳ ಮೇಲೂ ಕದದ ಚಿಲಕದಲ್ಲಿ ಕುಳಿತಿದೆ. ಸಂವಿಧಾನದ 17ನೆಯ ಅನುಚ್ಛೇದವು ಅಸ್ಪೃಶ್ಯತೆಯನ್ನು ಯಾವ ರೂಪದಲ್ಲಿಯೂ ಇರಗೊಡದು. 15ನೆಯ ಅನುಚ್ಛೇದದ ಮೊದಲ ಮಾತು ಸರಕಾರವನ್ನು ಕಟ್ಟುವುದೇ ಹೊರತು ಖಾಸಗಿ ಮನೆಯ ಒಡೆಯನನ್ನು ನೇರವಾಗಿ ಕಟ್ಟದು. ಆದರೆ ಸ್ವಾತಂತ್ರ್ಯಕ್ಕಾಗಿ ಸೆರೆಮನೆಗೆ ಹೋದವರ ಭಾವಚಿತ್ರವನ್ನು ನಡುಮನೆಯಲ್ಲಿ ತೂಗುಹಾಕಿ, ದೇಶಬಾಂಧವನನ್ನು ಹೊಸ್ತಿಲಿನಿಂದ ಹಿಂದಿರುಗಿಸುವುದು ಯಾವ ದೇಶಭಕ್ತಿ? ಹೊಸ ಬಾಡಿಗೆ ಕಾಯಿದೆಯಲ್ಲಿ ಜಾತಿ ಮತಗಳ ಕಾರಣದಿಂದ ಮನೆ ನಿರಾಕರಿಸುವುದನ್ನು ನಿಷೇಧಿಸುವ ಒಂದು ನಿಬಂಧನೆ ಇರಲೇಬೇಕು.

ಹೊರಗಿನಿಂದ ಬಂದವರಿಂದಲೇ ಬಸವನಗುಡಿ ಕೆಟ್ಟಿತೆಂದು ಕೆಲವರು ಹೇಳುವುದುಂಟು. ನಾವು ಇದನ್ನು ಒಪ್ಪಲಾರೆವು. ಇಂದು ಹಳಬರೆನಿಸಿಕೊಂಡವರ ಅಜ್ಜಂದಿರೂ ಒಂದು ದಿನ ಗಂಟುಮೂಟೆಗಳೊಡನೆ ಬಂದು ಇಲ್ಲಿ ಇಳಿದವರೇ. ಬಂದವರು ಊರಿನ ಮಾತನ್ನು ಕಲಿಯಬೇಕೆಂದು ಅಪೇಕ್ಷಿಸುವುದು ನ್ಯಾಯ. ಕಲಿಸುವ ಹೊಣೆಯು ಮೊದಲು ನಮ್ಮದು. ಗಾಂಧಿ ಬಜಾರಿನ ಹೂವಿನವಳು ದಿನಕ್ಕೆ ನೂರು ಮಂದಿಗೆ ಕನ್ನಡವನ್ನು ಕಲಿಸುತ್ತಾಳೆ. ಕಡಲೆಕಾಯಿ ಪರಿಷೆಗೆ ಬರುವ ಜನಸ್ತೋಮದಲ್ಲಿ ಹಳಬರು ಯಾರು, ಹೊಸಬರು ಯಾರೆಂದು ಬೇರ್ಪಡಿಸಲು ಬಾರದು. 1945ರಲ್ಲಿ ಡಿ. ವಿ. ಗುಂಡಪ್ಪನವರು ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯಂತಹವು ಈ ನೆರೆಯಲ್ಲಿಯೇ ಇವೆ. ಹೊಸ ಫ್ಲ್ಯಾಟಿನ ಯುವಕರನ್ನು ಅಲ್ಲಿಗೆ ಕರೆದೊಯ್ಯುವ ಉತ್ಸಾಹವು ಹಳಬರಲ್ಲಿ ಇರಬೇಕಷ್ಟೆ. ಬಡಾವಣೆಯ ಬಾಳು ಕೆಡುವುದು ಬಂದವರಿಂದಲ್ಲ. ಬಂದವರು ಹನ್ನೊಂದು ತಿಂಗಳಿಗೆ ಹೋಗಬೇಕಾಗುವುದರಿಂದ.

ಹೋಗಬೇಕಾದವರಲ್ಲಿ ಕೊನೆಯವರನ್ನು ಮರೆಯಬಾರದು. ಅಡಿಗೆ ಮಾಡುವಾಕೆ, ಮುಸುರೆ ತಿಕ್ಕುವಾಕೆ, ವೃದ್ಧರ ಶುಶ್ರೂಷೆಗೆ ಬರುವಾಕೆ, ಇಸ್ತ್ರಿಯವನು, ಕಾವಲುಗಾರ, ಹೋಟಲಿನ ಮಾಣಿ, ಇವರಿಲ್ಲದೆ ಬಸವನಗುಡಿಯ ಒಂದು ದಿನವೂ ಸಾಗದು. ವಠಾರಗಳು ಹೋದ ಮೇಲೆ ಇವರಲ್ಲಿ ಅನೇಕರು ಬೆಳಗಿನ ಐದು ಗಂಟೆಗೆ ದೂರದ ಬಡಾವಣೆಯಿಂದ ಬಸ್ಸು ಹತ್ತಿ ಬರುತ್ತಾರೆ. ವಠಾರದ ಇಕ್ಕಟ್ಟು ಬೇಡ. ಆದರೆ ವಠಾರವು ಮಾಡುತ್ತಿದ್ದ ಉಪಕಾರ ಬೇಕು. ಪಾಲಿಕೆಗೂ ಸರಕಾರದ ಇಲಾಖೆಗಳಿಗೂ ಹಳೆಯ ಬಡಾವಣೆಗಳಲ್ಲಿ ಸೇರಿದ ನೆಲದಲ್ಲಿ ಪ್ರತ್ಯೇಕ ನಲ್ಲಿ, ಪ್ರತ್ಯೇಕ ಶೌಚದ ಸಣ್ಣ ಮನೆಗಳನ್ನು ಕಟ್ಟಿ, ಮಾರದೆ, ಮಿತವಾದ ಬಾಡಿಗೆಗೆ ಕೊಡಬೇಕು. ತನ್ನ ಹೊಸ ಕಟ್ಟಡದಲ್ಲಿ ಒಂದು ಸಣ್ಣ ಬಿಡಾರವನ್ನಾದರೂ ಅಲ್ಪಾದಾಯದವರಿಗೆ ಬಾಡಿಗೆಗೆ ಕೊಟ್ಟ ಒಡೆಯನಿಗೆ ಕಂದಾಯದಲ್ಲಿ ವಿನಾಯಿತಿ ಕೊಡಬೇಕು. ವರ್ಷಗಟ್ಟಲೆ ಬೀಗ ಹಾಕಿಟ್ಟವನಿಂದ ಹೆಚ್ಚಿನ ಕಂದಾಯ ಪಡೆಯಬೇಕು.

ಇವೆಲ್ಲವನ್ನೂ ಯಾರು ವಿಚಾರಿಸಬೇಕು? ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಸದಸ್ಯರ ಅವಧಿಯು 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾಯಿತ ಪ್ರತಿನಿಧಿಗಳಿಲ್ಲದೆ ಊರಿನ ಆಡಳಿತ ನಡೆಯಿತು. 2025ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯು ಐದಾಯಿತು. ಪಾಲಿಕೆಗಳು ಐದಾಗಲಿ ಹತ್ತಾಗಲಿ, ಬೀದಿಯ ಮನುಷ್ಯನ ಮಾತು ಕೇಳಿಸುವುದು ವಾರ್ಡು ಸಮಿತಿಯಲ್ಲಿ. ಅದಕ್ಕೆ 1992ರ 74ನೆಯ ತಿದ್ದುಪಡಿಯ ಆಧಾರವಿದೆ. ಜನಗಣತಿಯೂ 2011ರ ಮೇಲೆ ಹದಿನೈದು ವರ್ಷಗಳ ಕಾಲ ನಡೆಯಲಿಲ್ಲ. ಮುಂದಿನದಕ್ಕೆ 2027ರ ಮಾರ್ಚ್ 1ನ್ನು ಗೊತ್ತುಪಡಿಸಲಾಯಿತು. ಒಂದು ಬೀದಿಯಲ್ಲಿ ಎಷ್ಟು ಮನೆಗಳಿಗೆ ಬೀಗ ಬಿದ್ದಿದೆ, ಎಷ್ಟರಲ್ಲಿ ವೃದ್ಧರು ಒಂಟಿಯಾಗಿದ್ದಾರೆ, ಎಷ್ಟು ಸಂಸಾರಗಳು ಬಾಡಿಗೆಗೆ ಇವೆ ಎಂಬುದನ್ನು ಎಣಿಸಲು ಅಷ್ಟು ದಿನ ಕಾಯಬೇಕಾದುದಿಲ್ಲ. ಪ್ರತಿಯೊಂದು ವಾರ್ಡಿನ ನಿವಾಸಿಗಳ ಸಂಘವು ಎರಡು ಭಾನುವಾರಗಳಲ್ಲಿ ಈ ಕೆಲಸವನ್ನು ಮಾಡಿ ಮುಗಿಸಬಹುದು. ಎಣಿಸಿದ ಮೇಲೆ ಆಡುವ ಮಾತಿಗೆ ಕಚೇರಿಯಲ್ಲಿ ಬೆಲೆ ಬರುತ್ತದೆ.

ಕೊನೆಗೆ ಮನೆಯ ಒಡೆಯರಿಗೆ ಎರಡು ಮಾತು. ವೃದ್ಧರಾದವರು ಪ್ರೀತಿಯ ಭರದಲ್ಲಿ ಮನೆಯನ್ನು ಮಕ್ಕಳ ಹೆಸರಿಗೆ ದಾನಪತ್ರ ಮಾಡುವ ಮೊದಲು, ತಮ್ಮ ಪೋಷಣೆಯ ಷರತ್ತನ್ನು ಪತ್ರದಲ್ಲಿ ಸ್ಪಷ್ಟವಾಗಿ ಬರೆಸಬೇಕು. ಹಾಗೆ ಬರೆಸಿದ್ದರೆ, ಷರತ್ತು ತಪ್ಪಿದಾಗ ಆ ದಾನವನ್ನು ರದ್ದುಪಡಿಸಲು 2007ರ ಹಿರಿಯ ನಾಗರಿಕರ ಕಾಯಿದೆಯ 23ನೆಯ ಕಲಮಿನಲ್ಲಿ ಅವಕಾಶವಿದೆ. ಕಟ್ಟಡಗಾರನೊಡನೆ ಕರಾರು ಮಾಡುವಾಗ ವಕೀಲರಿಗೆ ಕೊಡುವ ಶುಲ್ಕವನ್ನು ಉಳಿಸಲು ಹೋಗಬಾರದು. ಮನೆಯನ್ನು ಕೆಡವಲೇಬೇಕಾದರೆ ಕೆಡವಿರಿ. ಆದರೆ ಬಾವಿಯನ್ನೂ ಒಂದು ಮರವನ್ನೂ ಉಳಿಸಿರಿ, ಹಿತ್ತಲಿನ ಬಿಡಾರದಲ್ಲಿ ಇಪ್ಪತ್ತು ವರ್ಷ ಬಾಳಿದವರಿಗೆ ಬೇರೆ ನೆಲೆ ಹುಡುಕಿಕೊಳ್ಳಲು ಆರು ತಿಂಗಳ ಕಾಲ ಕೊಡಿರಿ, ಅವರ ಮುಂಗಡವನ್ನು ಹೊರಡುವ ದಿನವೇ ಪೂರ್ತಿಯಾಗಿ ಕೈಗಿಡಿರಿ. ಇದನ್ನು ಮಾಡಿಸಲು ಯಾವ ಕಾಯಿದೆಯೂ ಬೇಕಾಗಿಲ್ಲ.

ಒಂದು ಮಹಾಮಾರಿಯ ಕಾಲದಲ್ಲಿ, ಪೇಟೆಯ ಇಕ್ಕಟ್ಟಿನಲ್ಲಿ ಸಾಯುತ್ತಿದ್ದವರಿಗೆ ಗಾಳಿಯೂ ಬೆಳಕೂ ದೊರೆಯಲೆಂದು ನಮ್ಮ ಹಿಂದಿನವರು ಈ ಬಡಾವಣೆಯನ್ನು ಹಾಕಿದರು. ಅವರು ಕಟ್ಟಿದ ಗೋಡೆಗಳನ್ನು ಉಳಿಸುವುದು ನಮ್ಮಿಂದ ಆಗದಿರಬಹುದು. ಅವರ ಉದ್ದೇಶವನ್ನು ಉಳಿಸುವುದು ಆಗುತ್ತದೆ. ಮುಂಗಡವನ್ನು ಮಿತಗೊಳಿಸಿ ಬಾಡಿಗೆಯ ವ್ಯಾಜ್ಯಗಳನ್ನು ಬೇಗ ತೀರಿಸುವ ಕಾಯಿದೆ, ಸಣ್ಣ ಕಟ್ಟಡಗಳಿಗೂ ರೇರಾದ ನೋಂದಣಿ, ಅಲ್ಪಾದಾಯದವರಿಗೆ ಬಾಡಿಗೆಯ ಮನೆಗಳು: ಈ ಮೂರನ್ನು ವಿಧಾನಮಂಡಲದ ಬರುವ ಅಧಿವೇಶನದಲ್ಲಿ ಎತ್ತಿಕೊಳ್ಳಬೇಕೆಂದು ಸರಕಾರವನ್ನು ಕೇಳಿಕೊಳ್ಳುತ್ತೇವೆ. ಬಸವನಗುಡಿಯ ಮಹಾಜನರು ಇದನ್ನು ತಮ್ಮ ಶಾಸಕರಿಗೆ ನೆನಪು ಮಾಡಿಕೊಡುತ್ತಿರಬೇಕು.